ಕಾಲಿಗೂ ದಿನಕ್ಕೆ ಐದು ನಿಮಿಷ: ಪಾದದ ಆರೈಕೆ ಮತ್ತು ಚಿಕಿತ್ಸೆಯ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಒಮ್ಮೆ ನಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ ಬಂದಿದ್ದರು. ಕಾಲಿನಿಂದ ಏನೋ ವಾಸನೆ ಬರ್ತಿದೆ ಅಂತ ಮಗಳೇ ಹಟ ಮಾಡಿ ಕರೆದುಕೊಂಡು ಬಂದಿದ್ದಳು. ಚಪ್ಪಲಿ ಬಿಡಿಸಿ ನೋಡಿದೆ. ಅಟ್ಟೆ ತೂರಿಕೊಂಡು ಒಂದು ಮೊಳೆ ಮೇಲಕ್ಕೆ ಬಂದಿತ್ತು. ಅಂಗಾಲಿನಲ್ಲಿ ಅದೇ ಜಾಗದಲ್ಲಿ ತೂತು. ಎಷ್ಟು ದಿನದಿಂದ ಹೀಗೆ ನಡೆದಿದ್ದೀರಿ ಯಜಮಾನ್ರೇ ಅಂತ ಕೇಳಿದರೆ, "ಗೊತ್ತಿಲ್ಲವ್ವ, ನೋವೇ ಇಲ್ಲ ನೋಡು, ಅದಕ್ಕೇ ನೋಡ್ಕಂಡಿಲ್ಲ" ಅಂದರು.

ನೋವಿಲ್ಲದ ಗಾಯ. ಹತ್ತಾರು ವರ್ಷ ಗಾಯ ತೊಳೆದು ಕಟ್ಟಿದ ನರ್ಸ್ ಆಗಿ ಹೇಳುತ್ತೇನೆ, ನನಗೆ ಭಯ ಆಗುವುದು ಇದಕ್ಕೇ. ನೋವು ಇದ್ದವರು ಅದೇ ದಿನ ಬರುತ್ತಾರೆ. ನೋವು ಇಲ್ಲದವರು ಬರುವ ಹೊತ್ತಿಗೆ ಬೆರಳು ಕಪ್ಪಗಾಗಿರುತ್ತದೆ. ಶುಗರ್ ತುಂಬಾ ವರ್ಷ ಹತೋಟಿ ತಪ್ಪಿದರೆ ಕಾಲಿನ ನರ ಸೊರಗುತ್ತದೆ, ಚುಚ್ಚಿದ್ದು, ಸುಟ್ಟಿದ್ದು, ಉಜ್ಜಿದ್ದು ಮನಸ್ಸಿಗೆ ತಿಳಿಯುವುದಿಲ್ಲ. ಜೊತೆಗೆ ರಕ್ತನಾಳ ಕಿರಿದಾದರೆ ಆದ ಗಾಯ ಮಾಯುವುದೂ ಇಲ್ಲ. ಕಾಲು ಕತ್ತರಿಸುವ ತನಕ ಹೋದ ಶುಗರ್ ರೋಗಿಗಳಲ್ಲಿ ಹೆಚ್ಚಿನವರ ಕತೆ ಶುರುವಾಗಿದ್ದು ಒಂದು ಸಣ್ಣ ಹುಣ್ಣಿನಿಂದ. ಆ ಹುಣ್ಣನ್ನು ಮನೆಯಲ್ಲೇ ಮೊದಲು ಕಾಣಬಹುದು. ಹಾಗಾಗಿ ಈ ಬರಹದಲ್ಲಿ ಅರ್ಧಕ್ಕಿಂತ ಜಾಸ್ತಿ ಶುಗರ್ ಇದ್ದವರ ಕಾಲಿನ ಬಗ್ಗೆಯೇ ಇದೆ. ಹಿಮ್ಮಡಿ ನೋವು, ಆಣಿ, ಉಬ್ಬಿದ ರಕ್ತನಾಳದ ವಿಚಾರ ಆಮೇಲೆ ಬರುತ್ತದೆ.

ಮೊದಲು: ರಾತ್ರಿ ಮಲಗುವ ಮುಂಚೆ ಕಾಲು ನೋಡಿ

ಊಟ ಆಗಿ, ಕೈಕಾಲು ತೊಳೆದು ಕೂತಾಗ ಇದಕ್ಕೆ ಸಮಯ ಇಡಿ. ಒಳ್ಳೆಯ ಬೆಳಕು ಬೇಕು. ಮಂಚದ ಮೇಲೆ ಕೂತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಬಗ್ಗಲು ಆಗದವರು ಮುಖ ನೋಡುವ ಕನ್ನಡಿಯನ್ನು ನೆಲದಲ್ಲಿಟ್ಟು ಅದರ ಮೇಲೆ ಅಂಗಾಲು ಹಿಡಿಯಿರಿ. ಕಣ್ಣು ಮಂದ ಆದವರಿಗೆ ಮಗನೋ ಸೊಸೆಯೋ ನೋಡಬೇಕು. ಮೊಮ್ಮಕ್ಕಳಿಗೆ ಈ ಕೆಲಸ ಕೊಟ್ಟು ನೋಡಿ, ಬಹಳ ಚೆನ್ನಾಗಿ ಮಾಡುತ್ತಾರೆ. ಮೊಬೈಲಿನಲ್ಲಿ ಅಂಗಾಲಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೂ ಆಯಿತು.

ಅಂಗಾಲು, ಹಿಮ್ಮಡಿಯ ಅಂಚು, ಪಾದದ ಮೇಲ್ಭಾಗ, ಉಗುರಿನ ಮೂಲೆ ಎಲ್ಲ ನೋಡಿ. ಕೊನೆಗೆ ಒಂದೊಂದೇ ಬೆರಳು ಬಿಡಿಸಿ ಸಂದಿ ನೋಡಿ. ಹೆಚ್ಚಿನವರು ಬಿಡುವುದು ಈ ಸಂದಿಯನ್ನೇ. ಹುಡುಕಬೇಕಾದ್ದು ಬಿರುಕು, ಬೊಬ್ಬೆ, ಕೆಂಪಗಾದ ಜಾಗ, ಬೆಳ್ಳಗೆ ಮೆತ್ತಗಾದ ಚರ್ಮ, ಕೀವು, ವಾಸನೆ. ದಡ್ಡುಗಟ್ಟಿದ ಚರ್ಮದ ಒಳಗೆ ಕಪ್ಪು ಅಥವಾ ರಕ್ತದ ಬಣ್ಣ ಕಂಡರೆ ಅಲ್ಲಿ ಒಳಗೊಳಗೇ ಹುಣ್ಣಾಗಿರಬಹುದು. ಆಮೇಲೆ ಎರಡೂ ಪಾದದ ಮೇಲೆ ಅಂಗೈ ಇಟ್ಟು ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಇದೆಯೇ?

ಆ ಬಿಸಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಯ ಇಲ್ಲ, ಜಾಸ್ತಿ ನೋವೂ ಇಲ್ಲ, ಆದರೆ ಒಂದು ಪಾದ ಕೆಂಪಗೆ ಊದಿ ಬಿಸಿಯಾಗಿದೆ ಅಂದರೆ ಅದು ಚಾರ್ಕೋ ಫುಟ್ ಇರಬಹುದು. ನರ ಸತ್ತ ಪಾದದ ಮೂಳೆಗಳು ಒಳಗೇ ಮುರಿದು ಜರುಗುವ ಸ್ಥಿತಿ ಅದು. ಉಳುಕು ಅಂತ ಎಣ್ಣೆ ಹಾಕಿ ತಿಕ್ಕುತ್ತಾ ನಡೆದಾಡಿದರೆ ಪಾದದ ಕಮಾನು ಕುಸಿದು ತಳ ತೊಟ್ಟಿಲಿನಂತೆ ಉಬ್ಬುತ್ತದೆ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಆ ಕಾಲನ್ನು ಊರುವುದು ಅವತ್ತೇ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.

ಎರಡನೆಯದು: ಸ್ಪರ್ಶ ಇದೆಯೇ ಅಂತ ಪರೀಕ್ಷೆ ಮಾಡಿ

ಇದಕ್ಕೆ ಯಾವ ಸಾಮಾನೂ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರಿನಲ್ಲಿ ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತ ಇದನ್ನು ಕರೆಯುತ್ತಾರೆ. ಅವ್ವನನ್ನೋ ಅಪ್ಪನನ್ನೋ ಕಣ್ಣು ಮುಚ್ಚಿ ಮಲಗಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಮೆಲ್ಲಗೆ ಮುಟ್ಟಿ. ಒಂದೆರಡು ಸೆಕೆಂಡು ಸಾಕು. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ಮುಟ್ಟಿದಾಗ "ಬಲ", "ಎಡ" ಅಂತ ಹೇಳಬೇಕು ಅವರು. ಎರಡೂ ಕಾಲು ಸೇರಿ ಆರು ಜಾಗ. ಎರಡು ಅಥವಾ ಅದಕ್ಕಿಂತ ಜಾಸ್ತಿ ಕಡೆ ಗೊತ್ತಾಗದಿದ್ದರೆ ನರಕ್ಕೆ ಪೆಟ್ಟು ಬಿದ್ದಿರುವ ಸಾಧ್ಯತೆ ಇದೆ, ಡಾಕ್ಟರಿಗೆ ತೋರಿಸಬೇಕು.

ಕಾಲು ಜುಮುಜುಮು ಅನ್ನುವುದು, ರಾತ್ರಿ ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು, ಚಪ್ಪಲಿ ಕಾಲಿನಿಂದ ಜಾರಿ ಹೋದದ್ದೇ ತಿಳಿಯದಿರುವುದು, ಇವೆಲ್ಲ ಅದೇ ತೊಂದರೆಯ ಗುರುತು. ಆದರೆ ಇದ್ಯಾವುದೂ ಇಲ್ಲದೆಯೂ ಸ್ಪರ್ಶ ಹೋಗಿರಬಹುದು. ಅದಕ್ಕೇ ಪರೀಕ್ಷೆ.

ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮಾಡುತ್ತಾರೆ, ಅದರ ಹೆಸರು ಮಾನೋಫಿಲಮೆಂಟ್. 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ಇಟ್ಟು ಅದುರುವುದು ಗೊತ್ತಾಗುತ್ತದೆಯೇ ಅಂತ ಕೇಳುತ್ತಾರೆ. ಪಾದದ ಮೇಲೆ, ಹರಡಿನ ಒಳಬದಿಯಲ್ಲಿ ನಾಡಿ ಹಿಡಿದು ನೋಡುತ್ತಾರೆ. ನಾಡಿ ಸರಿಯಾಗಿ ಸಿಗದಿದ್ದರೆ ಕಾಲಿನ ಬಿಪಿಯನ್ನು ಕೈಯ ಬಿಪಿಗೆ ಹೋಲಿಸಿ ನೋಡುವ ಎಬಿಐ ಪರೀಕ್ಷೆ ಇದೆ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಅಥವಾ ಕಟ್ಟಿಕೊಂಡಿದೆ ಅಂತ ಅರ್ಥ. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವು ಇದ್ದರೂ ಇದೇ ಅನುಮಾನ ಬರಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ.

ಸ್ಪರ್ಶ, ನಾಡಿ ಎರಡೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಯಾವುದಾದರೂ ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟಿದ್ದು ಜೊತೆಗೆ ಪಾದದ ಆಕಾರವೂ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಹಿಂದೆ ಹುಣ್ಣಾಗಿ ಮಾಯ್ದವರು, ಬೆರಳು ತೆಗೆಸಿಕೊಂಡವರು ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಲೇಬೇಕು. ಶುಗರ್ ಚೆಕ್ ಮಾಡಿಸಲು ಹೋದಾಗ ಚಪ್ಪಲಿ, ಕಾಲುಚೀಲ ಬಿಚ್ಚಿಯೇ ಡಾಕ್ಟರ ಮುಂದೆ ಕೂತುಕೊಳ್ಳಿ. ಕಾಲು ಕಂಡರೆ ಅವರೂ ನೋಡುತ್ತಾರೆ.

ಮೂರನೆಯದು: ತೊಳೆಯುವುದು, ಒರೆಸುವುದು, ಎಣ್ಣೆ ಹಚ್ಚುವುದು

ಬಿಸಿನೀರು ಅಂದರೆ ನಮ್ಮ ಜನಕ್ಕೆ ಬಲು ಪ್ರೀತಿ. ಕಾಲು ಸೆಳೆತ ಅಂತ ಬಕೆಟ್ಟಿನಲ್ಲಿ ಸುಡುನೀರು, ಉಪ್ಪು ಹಾಕಿ ಕಾಲಿಡುತ್ತಾರೆ. ಜೋಮು ಹಿಡಿದ ಕಾಲಿಗೆ ಸುಡುವುದು ತಿಳಿಯುವುದಿಲ್ಲ, ಬೆಳಿಗ್ಗೆ ನೋಡಿದರೆ ಪಾದದ ತುಂಬ ಬೊಬ್ಬೆ. ಉಗುರುಬೆಚ್ಚಗಿನ ನೀರು ಸಾಕು. ಕೈಯ ಮೊಣಕೈಯಿಂದ ಮುಟ್ಟಿ ನೋಡಿ, ಕಾಲಿನಿಂದ ಬೇಡ. ತುಂಬಾ ಹೊತ್ತು ನೆನೆಸಲೂ ಬೇಡಿ, ಚರ್ಮ ಮೆತ್ತಗಾಗಿ ಬಿರುಕು ಬಿಡುತ್ತದೆ. ಬೈಕಿನ ಸೈಲೆನ್ಸರ್ ತಾಗಿ ಸುಟ್ಟುಕೊಂಡು ಬರುವವರೂ ಬಹಳ, ಅದರಲ್ಲೂ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುವ ಹೆಂಗಸರು.

ತೊಳೆದ ಮೇಲೆ ಬೆರಳ ಸಂದಿಯನ್ನು ಒಣ ಹತ್ತಿಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಭದ್ರಾ ನಾಲೆ ನೀರಿನ ಗದ್ದೆಗಳಲ್ಲಿ ನಾಟಿ, ಕಳೆ ಕೆಲಸ ಮಾಡುವವರಿಗೆ ಸಂದಿ ಬೆಳ್ಳಗಾಗಿ ಸುಲಿದು ತುರಿಸುವುದು ಗೊತ್ತೇ ಇದೆ. ಕೆಸರುಹುಣ್ಣು ಅನ್ನುತ್ತೇವೆ. ಹೆಚ್ಚಾಗಿ ಅದು ಫಂಗಸ್ ಕೆಲಸ. ಕ್ಲೋಟ್ರಿಮಜೋಲ್‌ನಂಥ ಮುಲಾಮನ್ನು ತೆಳ್ಳಗೆ ಹಚ್ಚಿ, ತುರಿಕೆ ನಿಂತ ಮೇಲೂ ಎರಡು ವಾರ ಬಿಡದೆ ಹಚ್ಚಬೇಕು. ತುರಿಕೆ ನಿಂತ ದಿನವೇ ಬಿಟ್ಟರೆ ಮತ್ತೆ ಬರುತ್ತದೆ. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಸೇರಿದ ಮಿಶ್ರ ಮುಲಾಮು ತರಬೇಡಿ. ಮೊದಲೆರಡು ದಿನ ಆರಾಮ ಅನಿಸಿ ಆಮೇಲೆ ಫಂಗಸ್ ಇನ್ನೂ ಹಬ್ಬುತ್ತದೆ.

ಒಣ ಕಾಲಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಪಾದದ ಮೇಲೆ, ಕೆಳಗೆ, ಹಿಮ್ಮಡಿಗೆ. ಸಂದಿಗೆ ಮಾತ್ರ ಬೇಡ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣಗಾಳಿಗೆ ಹಿಮ್ಮಡಿ ಒಡೆಯುವುದು ಸಾಮಾನ್ಯ. ಬಿರುಕು ಆಳವಾಗಿದ್ದರೆ ಯೂರಿಯಾ ಇರುವ ಕ್ರೀಮ್ ಕೇಳಿ, 10ರಿಂದ 25 ಶೇಕಡದ್ದು ಸಿಗುತ್ತದೆ. ರಾತ್ರಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಒಂದೆರಡು ವಾರದಲ್ಲಿ ಅಂಚು ಮೆತ್ತಗಾಗುತ್ತದೆ. ಆದರೆ ಬಿರುಕಿನಿಂದ ರಕ್ತ ಬಂದರೆ ಅದನ್ನು ಗಾಯ ಅಂತಲೇ ನೋಡಿ.

ನಾಲ್ಕನೆಯದು: ಉಗುರು, ಆಣಿ, ಕಾಲುಂಗುರ

ಉಗುರನ್ನು ನೇರಕ್ಕೆ ಕತ್ತರಿಸಿ. ಮೂಲೆಯನ್ನು ಒಳಕ್ಕೆ ಕೊರೆಯಬೇಡಿ, ಕೊರೆದಷ್ಟೂ ಅದು ಮಾಂಸದೊಳಗೆ ಬೆಳೆಯುತ್ತದೆ. ಉಗುರು ಮೂಲೆ ಊದಿ ಕೀವಾಗಿದ್ದರೆ ಮನೆಯಲ್ಲಿ ಸೂಜಿ ಹಾಕಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಉಗುರಿನ ಆ ಅಂಚನ್ನು ಮಾತ್ರ ತೆಗೆಯುತ್ತಾರೆ, ಅದೇ ದಿನ ಮನೆಗೆ ಹೋಗಬಹುದು.

ಆಣಿ ಅಂದರೆ ಒಂದೇ ಜಾಗಕ್ಕೆ ಒತ್ತಡ ಬಿದ್ದು ಚರ್ಮ ಗಟ್ಟಿಯಾಗಿ ಒಳಕ್ಕೆ ಮೊಳೆಯಂತೆ ಇಳಿದದ್ದು. ಬ್ಲೇಡಿನಿಂದ ಕೆತ್ತಿದರೆ ಮತ್ತೆ ಬರುತ್ತದೆ, ಯಾಕೆಂದರೆ ಒತ್ತಡ ಹಾಗೇ ಇದೆಯಲ್ಲ. ಚಪ್ಪಲಿ ಬದಲಾಗಬೇಕು. ಔಷಧಿ ಅಂಗಡಿಯ ಕಾರ್ನ್ ಕ್ಯಾಪ್‌ನಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ. ಅದು ಆಣಿಯ ಜೊತೆಗೆ ಪಕ್ಕದ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಶುಗರ್ ಇದ್ದವರು ಅದನ್ನು ಮುಟ್ಟಲೇಬಾರದು.

ಕಾಲುಂಗುರದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಾಲು ಊದಿದಾಗ ಉಂಗುರ ಬೆರಳನ್ನು ದಾರ ಬಿಗಿದ ಹಾಗೆ ಬಿಗಿಯುತ್ತದೆ. ಅದರ ಕೆಳಗೆ ಹುಣ್ಣಾಗಿ ಕೊಳೆತರೂ ಕಾಣುವುದಿಲ್ಲ. ಮುತ್ತೈದೆ ಉಂಗುರ ತೆಗೆಯಬಾರದು ಅಂತ ಅತ್ತೆಯಂದಿರು ಗದರುತ್ತಾರೆ, ಅವರ ಮನಸ್ಸೂ ಅರ್ಥ ಆಗುತ್ತದೆ. ಸಡಿಲ ಮಾಡಿಸಿಕೊಳ್ಳಿ, ದಿನಾ ತಿರುಗಿಸಿ ಕೆಳಗೆ ನೋಡಿ. ಊತ ಬಂದ ದಿನ ಬಿಚ್ಚಿ ದೇವರ ಮುಂದೆ ಇಡಿ.

ಐದನೆಯದು: ಚಪ್ಪಲಿ

ಸಂಜೆ ಹೊತ್ತು ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಒಳಗಿನ ಉದ್ದ ನಿಮ್ಮ ಅತಿ ಉದ್ದದ ಬೆರಳಿಗಿಂತ 1ರಿಂದ 2 ಸೆಂಟಿಮೀಟರ್ ಜಾಸ್ತಿ ಇರಬೇಕು. ಸ್ಪರ್ಶ ಕಡಿಮೆಯಾದವರು ಬಿಗಿ ಚಪ್ಪಲಿಯನ್ನೇ "ಸರಿಯಾಗಿದೆ" ಅನ್ನುತ್ತಾರೆ, ಯಾಕೆಂದರೆ ಬಿಗಿದರೆ ಮಾತ್ರ ಅವರಿಗೆ ಗೊತ್ತಾಗುವುದು. ಹಾಗಾಗಿ ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆದು, ಕತ್ತರಿಸಿ, ಆ ಕಾಗದವನ್ನು ಚಪ್ಪಲಿಯ ಒಳಗಿಟ್ಟು ನೋಡಿ. ಎಲ್ಲಿ ಮಡಚಿತೋ ಅಲ್ಲಿ ಬಿಗಿ.

ಹೆಬ್ಬೆರಳಿನ ಸಂದಿಯಲ್ಲಿ ಪಟ್ಟಿ ಬರುವ ಹವಾಯಿ ಚಪ್ಪಲಿ ಜೋಮು ಕಾಲಿಗೆ ಒಳ್ಳೆಯದಲ್ಲ. ಅದು ಕಳಚದಂತೆ ಹಿಡಿಯಲು ಬೆರಳು ಮಡಚಬೇಕು, ಪಟ್ಟಿ ಸಂದಿಯನ್ನು ಕೊಯ್ಯುತ್ತದೆ. ಹಿಂದೆ ಪಟ್ಟಿ ಇರುವ, ವೆಲ್ಕ್ರೋದಿಂದ ಸಡಿಲ ಬಿಗಿ ಮಾಡಬಹುದಾದ, ಒಳಗೆ ಎಂಸಿಆರ್ ಹಾಕಿದ ಚಪ್ಪಲಿ ತೆಗೆದುಕೊಳ್ಳಿ. ಎಂಸಿಆರ್ ಅಂದರೆ ಮೈಕ್ರೋಸೆಲ್ಯುಲರ್ ರಬ್ಬರ್. ಕುಷ್ಠದಿಂದ ಸ್ಪರ್ಶ ಹೋದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದೇ ಚಪ್ಪಲಿಯನ್ನು ಉಚಿತವಾಗಿ ಕೊಡುತ್ತಾರೆ. ತಳ ಗಟ್ಟಿ, ಒಳಗೆ ಮೆತ್ತಗೆ, ಎಲ್ಲೂ ಮೊಳೆ ಹೊಡೆದಿರಬಾರದು.

ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಜಾಡಿಸಿ, ಒಳಗೆ ಕೈಯಾಡಿಸಿ. ಕಲ್ಲು, ಹುಣಸೆಬೀಜ, ಮಕ್ಕಳ ಪೆನ್ಸಿಲ್ ತುಂಡು, ಏನೇನೋ ಸಿಕ್ಕಿದ್ದನ್ನು ಕಂಡಿದ್ದೇನೆ. ಕಾಲುಚೀಲ ಬಿಳಿಯದೋ ತಿಳಿ ಬಣ್ಣದ್ದೋ ಇರಲಿ, ರಕ್ತ ಕೀವು ತಗುಲಿದರೆ ಕೂಡಲೇ ಕಾಣುತ್ತದೆ.

ಮನೆಯೊಳಗೂ ಚಪ್ಪಲಿ ಬೇಕು. ಇದಕ್ಕೆ ಹಿರಿಯರು ಒಪ್ಪುವುದು ಕಷ್ಟ. ಒಳಗೆ ಹಾಕಲೆಂದೇ ಬೇರೆ ಜೊತೆ ತಂದು, ಹೊರಗಿನದನ್ನು ಬಾಗಿಲಲ್ಲೇ ಬಿಟ್ಟರೆ ನನ್ನ ಅವ್ವ ಒಪ್ಪಿಕೊಂಡಳು. ದೇವಸ್ಥಾನ, ಜಾತ್ರೆಯ ಮಾತು ಇನ್ನೂ ಕಷ್ಟ. ದುಗ್ಗಮ್ಮನ ಜಾತ್ರೆಗೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಬರಿಗಾಲಿನಲ್ಲಿ ನಡೆಯುವ ಹರಕೆ ಇರುತ್ತದೆ. ಬೇಸಿಗೆ ಶುರುವಾಗುವ ಹೊತ್ತು ಅದು. ಮಧ್ಯಾಹ್ನದ ಟಾರು ರಸ್ತೆ ಅಂಗಾಲನ್ನು ಸುಡಲು ಕೆಲವೇ ನಿಮಿಷ ಸಾಕು. ಸ್ಪರ್ಶ ಹೋದವರು ಬಿಸಿಲೇರುವ ಮುಂಚೆ ಹೋಗಿ, ದಪ್ಪ ಕಾಲುಚೀಲ ಹಾಕಿ, ಮನೆಗೆ ಬಂದ ಕೂಡಲೇ ಅಂಗಾಲು ನೋಡಿ. ಹರಕೆಯನ್ನು ಮಗ ಮಗಳು ಪರವಾಗಿ ತೀರಿಸುವ ಪದ್ಧತಿಯೂ ನಮ್ಮಲ್ಲಿ ಇದೆ ಅಲ್ವಾ?

ಆರನೆಯದು: ಗಾಯ ಆಯಿತು, ಈಗ?

ಹರಿಯುವ ಶುದ್ಧ ನೀರಿನಿಂದ ಅಥವಾ ಸಲೈನ್‌ನಿಂದ ತೊಳೆಯಿರಿ. ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ಹತ್ತಿಯನ್ನು ನೇರ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಕಾಫಿ ಪುಡಿ, ಸುಣ್ಣ, ಬೂದಿ, ಅರಿಶಿನ ಯಾವುದೂ ಬೇಡ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ದಿನಾ ಸುರಿದರೆ ಹೊಸದಾಗಿ ಹುಟ್ಟುವ ಚರ್ಮ ಸಾಯುತ್ತದೆ. ಬಳ್ಳಾರಿ ಜಾಲಿ ಮುಳ್ಳು ಚುಚ್ಚಿದರೆ ಎಕ್ಕದ ಹಾಲು ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ. ಆ ಹಾಲು ಚರ್ಮವನ್ನು ಸುಡುತ್ತದೆ, ಮುಳ್ಳಿನ ಮುರಿದ ತುದಿ ಒಳಗೇ ಉಳಿಯುತ್ತದೆ. ಚಪ್ಪಲಿ ತೂರಿ ಮೊಳೆ ಹೊಕ್ಕಿದ್ದರೆ ರಬ್ಬರಿನ ಚೂರೂ ಒಳಗೆ ಸೇರಿರಬಹುದು, ಮೇಲೆ ಮಾಯ್ದಂತೆ ಕಂಡರೂ ಒಳಗೆ ಕೀವಾಗುತ್ತದೆ. ಇಂಥ ಗಾಯವನ್ನು ತೋರಿಸಿ, ಟಿಟಿ ಇಂಜೆಕ್ಷನ್ ಬೇಕೇ ಅಂತ ಕೇಳಿ.

ಶುಗರ್ ಇದ್ದವರ ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ಒಂದೆರಡು ದಿನದೊಳಗೆ ಡಾಕ್ಟರು ನೋಡಬೇಕು. ಅವತ್ತೇ, ರಾತ್ರಿಯಾದರೂ ಸರಿ, ಹೋಗಬೇಕಾದ್ದು ಯಾವಾಗ ಅಂದರೆ: ಗಾಯದ ಸುತ್ತ ಕೆಂಪು 2 ಸೆಂಟಿಮೀಟರ್ ದಾಟಿ ಹಬ್ಬಿದೆ, ಜ್ವರ ಚಳಿ ಬಂದಿದೆ, ಚರ್ಮ ಕಪ್ಪಗಾಗಿದೆ, ಕೆಟ್ಟ ವಾಸನೆ ಇದೆ, ಒತ್ತಿದರೆ ಚರ್ಮದ ಕೆಳಗೆ ಚರಚರ ಅನ್ನುತ್ತದೆ, ಅಥವಾ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡಿದೆ. 108ಕ್ಕೆ ಕರೆ ಮಾಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಅವತ್ತೇ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿಸಲೇಬೇಡಿ.

ಆಸ್ಪತ್ರೆಯಲ್ಲಿ ಸತ್ತ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ. ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ಮನೆಯವರು ಹೆದರುತ್ತಾರೆ. ಹೆದರಬೇಡಿ, ಕೊಳೆತದ್ದು ಹೋದರೇನೇ ಹೊಸ ಮಾಂಸ ಬರುವುದು. ಮೂಳೆ ತನಕ ಹೋಗಿದೆಯೇ ಅಂತ ಎಕ್ಸ್‌ರೇ ತೆಗೆಯುತ್ತಾರೆ. ಸೋಂಕಿದ್ದರೆ ಆಂಟಿಬಯಾಟಿಕ್ ಕೊಡುತ್ತಾರೆ. ರಕ್ತದ ಹರಿವು ಕಡಿಮೆ ಇದ್ದರೆ ನಾಳ ತೆರೆಯುವ ಚಿಕಿತ್ಸೆ ಬೇಕಾಗಬಹುದು. ಬೆರಳು ಅಥವಾ ಪಾದ ತೆಗೆಯಬೇಕು ಅಂದರೆ, ರಕ್ತನಾಳದ ಡಾಕ್ಟರಿಗೆ ತೋರಿಸಿದ್ದೀರಾ, ಹರಿವು ಸರಿಮಾಡಲು ಸಾಧ್ಯವೇ ಅಂತ ಧೈರ್ಯವಾಗಿ ಕೇಳಿ. ಸೋಂಕು ಜೀವಕ್ಕೇ ಕುತ್ತು ತರುವಂತಿದ್ದರೆ ಮಾತ್ರ ತಡ ಮಾಡಬಾರದು.

ಇಷ್ಟೆಲ್ಲ ಮಾಡಿದರೂ ಅಂಗಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದಿರುವುದಕ್ಕೆ ಒಂದು ದೊಡ್ಡ ಕಾರಣ, ರೋಗಿ ಅದರ ಮೇಲೇ ನಡೆಯುತ್ತಿರುವುದು. ಡ್ರೆಸ್ಸಿಂಗ್ ಮಾಡಿಸಿಕೊಂಡು ಅದೇ ಕಾಲೂರಿ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುತ್ತಾರೆ. ಬೆಳಗಿನ ಕೆಲಸ ಅಷ್ಟೂ ಆ ನಡಿಗೆಯಲ್ಲಿ ಹಾಳಾಗುತ್ತದೆ. ಹುಣ್ಣಿನ ಮೇಲಿನ ಭಾರ ಇಳಿಸಬೇಕು. ಮೊಣಕಾಲಿನ ತನಕ ಬರುವ, ರೋಗಿಗೆ ಬಿಚ್ಚಲಾಗದ ವಿಶೇಷ ಪ್ಲಾಸ್ಟರ್ ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತದ ಹರಿವು, ಸೋಂಕು ನೋಡಿಕೊಂಡೇ ಅದನ್ನು ಹಾಕುವುದು. ಅದು ಆಗದಿದ್ದರೆ ವಾಕರ್ ಬೂಟು, ಹುಣ್ಣಿನ ಜಾಗಕ್ಕೆ ತೂತು ಬಿಟ್ಟ ಫೆಲ್ಟ್ ಮೆತ್ತೆ, ಊರುಗೋಲು. "ನನ್ನ ಹುಣ್ಣಿನ ಮೇಲಿನ ಭಾರ ಇಳಿಸಲು ಏನು ಮಾಡುತ್ತೀರಿ?" ಈ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡು ಹೋಗಿ ಕೇಳಿ.

ಶುಗರ್ ಇಲ್ಲದವರ ಕಾಲುನೋವು

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಸೂಜಿ ಚುಚ್ಚಿದ ಹಾಗೆ ಆಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ ಆಗುತ್ತದೆಯೇ? ಅಂಗಾಲಿನ ಅಗಲ ನಾರು ನೊಂದಿದೆ. ಬೆಣ್ಣೆದೋಸೆ ಹಂಚಿನ ಮುಂದೆ, ಬಟ್ಟೆ ಅಂಗಡಿಯಲ್ಲಿ, ತರಗತಿಯಲ್ಲಿ ದಿನವಿಡೀ ಗಟ್ಟಿ ನೆಲದ ಮೇಲೆ ನಿಲ್ಲುವವರಿಗೆ ಇದು ಜಾಸ್ತಿ. ಹಾಸಿಗೆಯಿಂದ ಇಳಿಯುವ ಮುಂಚೆಯೇ ಆ ಕಾಲನ್ನು ತೊಡೆಯ ಮೇಲಿಟ್ಟು ಕೈಯಿಂದ ಬೆರಳುಗಳನ್ನು ಹಿಂದಕ್ಕೆ ಎಳೆದು 10 ಎಣಿಸುವ ತನಕ ಹಿಡಿಯಿರಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮವನ್ನೂ ಸೇರಿಸಿ. ಸಂಜೆ ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಅಂಗಾಲಿನ ಕೆಳಗೆ ಉರುಳಿಸಿ. ಸ್ಪರ್ಶ ಕಡಿಮೆ ಇದ್ದವರು ಈ ಐಸ್ ಕೆಲಸ ಮಾಡಬಾರದು. ವಾಸಿಯಾಗಲು ತಿಂಗಳುಗಳೇ ಬೇಕು, ಆದರೆ ಹೆಚ್ಚಿನವರಿಗೆ ಆಪರೇಷನ್ ಇಲ್ಲದೇ ವಾಸಿಯಾಗುತ್ತದೆ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಗೆ ಮುಳ್ಳು ಬೆಳೆದಿದೆ ಅಂದರೆ ಗಾಬರಿ ಬೇಡ, ನೋವೇ ಇಲ್ಲದವರಿಗೂ ಅದು ಇರುತ್ತದೆ.

ನಿಂತು ನಿಂತು ಕಾಲಿನ ರಕ್ತನಾಳ ಹುಳದಂತೆ ಉಬ್ಬಿದ್ದರೆ, ಕೂತಾಗ ಕಾಲು ಮೇಲಿಡಿ. ಬಿಗಿ ಕಾಲುಚೀಲವನ್ನು ಡಾಕ್ಟರು ಕಾಲಿನ ನಾಡಿ ನೋಡಿ ಹೇಳಿದ ಮೇಲೇ ಹಾಕಿ. ಹರಡಿನ ಹತ್ತಿರ ಚರ್ಮ ಕಪ್ಪಗಾಗಿ ತುರಿಸತೊಡಗಿದರೆ ಇನ್ನು ಕಾಯಬೇಡಿ.

ಹುಟ್ಟಿದ ಮಗುವಿನ ಪಾದ ಒಳಕ್ಕೆ ತಿರುಗಿದ್ದರೆ ಮೊದಲ ವಾರಗಳಲ್ಲೇ ತೋರಿಸಿ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ನೇರ ಮಾಡುತ್ತಾರೆ. ಆಮೇಲೆ ವಿಶೇಷ ಶೂ ಹಾಕಿಸಬೇಕು, ಮೊದಲ ಮೂರು ತಿಂಗಳು ಹಗಲೂ ರಾತ್ರಿ, ಅಲ್ಲಿಂದ ಮಗುವಿಗೆ ನಾಲ್ಕೈದು ವರ್ಷ ಆಗುವ ತನಕ ರಾತ್ರಿ ಹೊತ್ತು. ಪಾದ ಸರಿಯಾಯಿತು ಅಂತ ಶೂ ಬಿಟ್ಟ ಮನೆಗಳಲ್ಲಿ ಅದು ಮತ್ತೆ ತಿರುಗಿದೆ.

ಎಲ್ಲಿಗೆ ಹೋಗುವುದು

ಪೊಡಿಯಾಟ್ರಿಸ್ಟ್, ಅಂದರೆ ಪಾದಕ್ಕೆಂದೇ ಇರುವ ತಜ್ಞರು, ನಮ್ಮ ಜಿಲ್ಲೆಗಳಲ್ಲಿ ಅಪರೂಪ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪೊಡಿಯಾಟ್ರಿ ವಿಭಾಗ ಇದೆ. ನಮ್ಮ ಜಿಲ್ಲೆಗಳಲ್ಲಾದರೆ ಗಾಯಕ್ಕೆ ಸರ್ಜರಿ ವಿಭಾಗ, ಮೂಳೆ ಮತ್ತು ಹಿಮ್ಮಡಿಗೆ ಮೂಳೆ ವಿಭಾಗ, ಫಂಗಸ್‌ಗೆ ಚರ್ಮ ವಿಭಾಗಕ್ಕೆ ಹೋಗಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಪರೀಕ್ಷೆ ಉಚಿತ. ಕೃತಕ ಕಾಲು, ಆಧಾರ ಪಟ್ಟಿಯ ವಿಚಾರಕ್ಕೆ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಿಆರ್‌ಸಿ ಪುನರ್ವಸತಿ ಕೇಂದ್ರದಲ್ಲಿ ಕೇಳಬಹುದು. ದೊಡ್ಡ ಚಿಕಿತ್ಸೆ ಅಂದರೆ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತದೆ.

ಹೋಗುವಾಗ ಮಾತ್ರೆಯ ಖಾಲಿ ಪಟ್ಟಿ, ಹಳೆಯ ಚೀಟಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ಚೀಲಕ್ಕೆ ಹಾಕಿಕೊಳ್ಳಿ. ದಿನಾ ಹಾಕುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಆಸ್ಪತ್ರೆಗೆ ಅಂತ ಹೊಸದು ತೆಗೆಯಬೇಡಿ. ಅಟ್ಟೆ ಎಲ್ಲಿ ಸವೆದಿದೆ, ಎಲ್ಲಿ ತಗ್ಗು ಬಿದ್ದಿದೆ ಅಂತ ನೋಡಿದರೆ ನಿಮ್ಮ ಪಾದದ ಭಾರ ಎಲ್ಲಿ ಬೀಳುತ್ತಿದೆ ಅನ್ನುವುದು ನಮಗೆ ತಿಳಿಯುತ್ತದೆ.